ಕಿವಿ ಮಂದವಾದರೆ ಮರೆವು ಬರುತ್ತದಾ? ಅಪ್ಪನನ್ನು ಮೊದಲು ಯಾರ ಹತ್ತಿರ ಕರೆದೊಯ್ಯಲಿ?

ಸಿರುಗುಪ್ಪ_ಕಾಲುವೆ
ಮನೆಯಲ್ಲಿ ವಯಸ್ಸಾದವರು ಇರುವವರು ಸ್ವಲ್ಪ ದಾರಿ ತೋರಿಸಿ. ಅಪ್ಪನಿಗೆ 74. ರೈಸ್ ಮಿಲ್ಲಿನಲ್ಲೇ ದುಡಿದು ಮನೆಗೆ ಕೂತವರು. ಕಿವಿ ಮಂದ ಆಗಿ ನಾಲ್ಕೈದು ವರ್ಷ ಆಗಿರಬೇಕು. ಈಗ ಕೆಲವು ತಿಂಗಳಿಂದ ಮಾತಿಗೆ ಮಾತು ಕೂಡುತ್ತಿಲ್ಲ. "ಗುಳಿಗಿ ತಗೊಂಡ್ಯಾ?" ಅಂದರೆ "ಹೂಂ, ನಾಡಿದ್ದು ಬರ್ತಾನಂತ" ಅನ್ನುತ್ತಾರೆ. ಮೊನ್ನೆ ಬೀಗರ ಮನೆ ಮದುವೆಯಲ್ಲಿ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತವರು ಊಟಕ್ಕೆ ಎಬ್ಬಿಸುವವರೆಗೂ ಏಳಲಿಲ್ಲ. ಮೊದಲೆಲ್ಲ ಮದುವೆ ಮನೆಯಲ್ಲಿ ಇವರ ದನಿಯೇ ದೊಡ್ಡದು.

ಅಣ್ಣ ಬೆಂಗಳೂರಿನಲ್ಲಿದ್ದಾನೆ. ಅವನ ಪ್ರಕಾರ ಇದು ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಸೀದಾ ನಿಮ್ಹಾನ್ಸ್‌ಗೆ ಕರೆದುಕೊಂಡು ಬಾ ಅನ್ನುತ್ತಾನೆ. ನನ್ನ ಹೆಂಡತಿ ಮಾತ್ರ ಕಿವಿ ಕೇಳದೆ ಹೀಗಾಗಿದೆ ಅನ್ನುತ್ತಾಳೆ.

ನಿನ್ನೆ ಬಳ್ಳಾರಿಯಲ್ಲಿ ಒಂದು ಕಿವಿ ಮಷಿನ್ ಅಂಗಡಿಗೆ ಹೋಗಿದ್ದೆವು. ಟೆಸ್ಟ್ ಫ್ರೀ. ಗಿರಾಕಿಗಳು ಓಡಾಡುವ ಜಾಗದಲ್ಲೇ ಕೂರಿಸಿ ಬೇಗ ಬೇಗ ಟೆಸ್ಟ್ ಮುಗಿಸಿ, ಲಕ್ಷ ದಾಟಿದ ಕೊಟೇಶನ್ ಕೈಗಿಟ್ಟರು. "ಈಗ ಹಾಕಿಸದಿದ್ದರೆ ಎರಡು ವರ್ಷದಲ್ಲಿ ಮರೆವಿನ ಕಾಯಿಲೆ ಗ್ಯಾರಂಟಿ" ಅಂದರು. ಇದು ನಿಜವಾ, ಹೆದರಿಸಿ ಮಾರುವ ದಂಧೆಯಾ?

ಕೋಟೆ_ಕೆಳಗಿನವ
ದಂಧೆ. ಅರವತ್ತಕ್ಕೆ ಅರಳುಮರಳು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ವಯಸ್ಸಾದ ಮೇಲೆ ಕಿವಿಯೂ ಹೋಗುತ್ತದೆ, ನೆನಪೂ ಹೋಗುತ್ತದೆ, ಕೂದಲೂ ಹೋಗುತ್ತದೆ. ಕೂದಲು ಉದುರಿದ್ದಕ್ಕೇ ಮರೆವು ಬಂತು ಅಂತ ಯಾರಾದರೂ ಹೇಳ್ತಾರಾ?

ಬಿಸಿಲೂರ_ಸೊಸೆ
ರಾಯಚೂರಿನಿಂದ. ನಮ್ಮ ಮನೆ ಕಥೆ ಯಾರೋ ಕದ್ದು ಬರೆದ ಹಾಗಿದೆ. ನಮ್ಮತ್ತೆಗೂ ಇದೇ. ದಿನಾ ಕಿರುಚಿ ಕಿರುಚಿ ನನ್ನ ಗಂಟಲು ಹೋಗಿದೆ. ಪಕ್ಕದ ಮನೆಯವರು ನಾನು ಅತ್ತೆ ಜೊತೆ ಜಗಳ ಆಡುತ್ತೇನೆ ಅಂದುಕೊಂಡಿದ್ದಾರೆ. ಟಿವಿಯಲ್ಲಿ ಧಾರಾವಾಹಿ ಬಂತು ಅಂದರೆ ಇಡೀ ಓಣಿಗೆ ಕಥೆ ಗೊತ್ತಾಗುತ್ತದೆ.

ಶ್ರವಣ_ಕೊಪ್ಪಳ
ನಾನು ಆಡಿಯಾಲಜಿಸ್ಟ್, ಕಿವಿ ಟೆಸ್ಟ್ ಮಾಡಿ ಮಷಿನ್ ಕೂರಿಸುವುದೇ ಕೆಲಸ. ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಅದಕ್ಕೇ ಜನ ಮೋಸ ಹೋಗುವುದು.

ಸಂಬಂಧ ಇದೆ, ಅದರಲ್ಲಿ ಅನುಮಾನ ಇಲ್ಲ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಡಿಮೆನ್ಶಿಯಾ ಆಯೋಗ 2017ರಲ್ಲಿ, 2020ರಲ್ಲಿ, ಮತ್ತೆ 2024ರಲ್ಲಿ ವರದಿ ಕೊಟ್ಟಿದೆ. ಮೂರರಲ್ಲೂ ಕಿವಿ ಮಂದವಾಗುವುದು ಪಟ್ಟಿಯಲ್ಲಿದೆ. 2024ರ ವರದಿಯಲ್ಲಿ ನಾವು ಏನಾದರೂ ಮಾಡಬಹುದಾದ 14 ಕಾರಣಗಳಿವೆ. ಬಿಪಿ, ಶುಗರ್, ಬೀಡಿ-ಸಿಗರೇಟು, ಕಡಿಮೆ ಓದು, ಒಂಟಿತನ ಎಲ್ಲ ಅದರಲ್ಲಿ ಬರುತ್ತವೆ. ಅವುಗಳಲ್ಲಿ ಕಿವಿಗೂ ಕೆಟ್ಟ ಕೊಲೆಸ್ಟ್ರಾಲ್‌ಗೂ ಹೆಚ್ಚು ಪಾಲು, ತಲಾ 7%.

ಆದರೆ "ಮಷಿನ್ ಹಾಕದಿದ್ದರೆ ಎರಡು ವರ್ಷದಲ್ಲಿ ಗ್ಯಾರಂಟಿ" ಅಂತ ಯಾವ ಅಧ್ಯಯನವೂ ಹೇಳಿಲ್ಲ. ಹಾಗೆ ಹೇಳುವ ಅಂಗಡಿಯಿಂದ ಎದ್ದು ಬನ್ನಿ.

ನಿಮ್ಮ ಅಪ್ಪನಿಗೆ ಮೊದಲು ಬೇಕಾದದ್ದು ಇಎನ್‌ಟಿ ಡಾಕ್ಟರ್. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಅದನ್ನು ತೆಗೆಯದೆ ಮಾಡಿದ ಟೆಸ್ಟಿಗೆ ಬೆಲೆ ಇಲ್ಲ. ಕಿವಿ ತಮಟೆ ತೂತಾಗಿದೆಯಾ, ಕಿವಿ ಸೋರುತ್ತದಾ ನೋಡಬೇಕು. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಆಡಿಯೋಗ್ರಾಮ್, ಅಂದರೆ ಯಾವ ಸದ್ದು ಎಷ್ಟು ಕೇಳುತ್ತದೆ ಅನ್ನುವ ಟೆಸ್ಟ್, ಮಾಡಿಸಬೇಕು. ಗಿರಾಕಿಗಳ ಗದ್ದಲದಲ್ಲಿ ಮಾಡಿದ್ದನ್ನು ಟೆಸ್ಟ್ ಅಂತ ಕರೆಯಬೇಡಿ.

ಗಂಗಾವತಿ_ಸೋನಾ
ಗುಗ್ಗೆ ತೆಗೆಯೋಕೆ ಡಾಕ್ಟರ್ ಯಾಕೆ? ಬಿಸಿ ಎಣ್ಣೆ ಎರಡು ಹನಿ ಬಿಟ್ಟು ಪಿನ್ನಿನಲ್ಲಿ ತೆಗೆದರೆ ಆಯ್ತು. ನಮ್ಮಜ್ಜ ಬೆಂಕಿಕಡ್ಡಿ ಸಾಕು ಅನ್ನುತ್ತಿದ್ದರು.

ಶ್ರವಣ_ಕೊಪ್ಪಳ
ದಯವಿಟ್ಟು ಬೇಡ. ಪಿನ್ನಿನಿಂದ ತಮಟೆ ಹರಿದುಕೊಂಡು ಬಂದವರನ್ನು ನೋಡಿ ನೋಡಿ ಸಾಕಾಗಿದೆ. ಕಡ್ಡಿ ಹಾಕಿದರೆ ಗುಗ್ಗೆ ಇನ್ನೂ ಒಳಗೇ ಹೋಗುತ್ತದೆ.

ಅಂಕಿಸಂಖ್ಯೆ_ರಾಯ
"ಅರ್ಧ ನಿಜ" ಅಂತ ಯಾಕೆ ಹಿಂಜರಿಯುತ್ತೀರಿ? ಅಮೆರಿಕದ ಬಾಲ್ಟಿಮೋರ್‌ನಲ್ಲಿ ಫ್ರಾಂಕ್ ಲಿನ್ ಮತ್ತು ಅವರ ತಂಡ 639 ಜನರನ್ನು ಸುಮಾರು 12 ವರ್ಷ ನೋಡಿ 2011ರಲ್ಲಿ ಬರೆದಿದ್ದಾರೆ. ಕಿವಿ ಸ್ವಲ್ಪ ಮಂದ ಇದ್ದವರಿಗೆ ಡಿಮೆನ್ಶಿಯಾ ಅಪಾಯ ಸುಮಾರು ಎರಡು ಪಟ್ಟು, ಮಧ್ಯಮ ಇದ್ದವರಿಗೆ ಮೂರು ಪಟ್ಟು, ಪೂರ್ತಿ ಮಂದ ಇದ್ದವರಿಗೆ ಐದು ಪಟ್ಟು. ಐದು ಪಟ್ಟು ಅಂದರೆ ಸಣ್ಣದಾ? ಕೋಟೆ ಕೆಳಗಿನವರೇ, ಇದು ಕೂದಲಿನ ವಿಷಯ ಅಲ್ಲ.

ಮುಂಡರಗಿ_ರಸ್ತೆ_ಮೇಷ್ಟ್ರು
ಐದು ಪಟ್ಟು ಸರಿ, ಯಾರಲ್ಲಿ ಅಂತಲೂ ಹೇಳಿ. 639 ಜನರಲ್ಲಿ ಪೂರ್ತಿ ಕಿವಿ ಮಂದ ಇದ್ದವರು ಕೈಬೆರಳಲ್ಲಿ ಎಣಿಸುವಷ್ಟು. ಅಷ್ಟು ಸಣ್ಣ ಗುಂಪಿನ ಲೆಕ್ಕವನ್ನು ಊರಿಗೆಲ್ಲ ಹಂಚಬಾರದು. ಡೆನ್ಮಾರ್ಕಿನಲ್ಲಿ 5.7 ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದ ಅಧ್ಯಯನ 2024ರಲ್ಲಿ ಬಂತು. ಅದರಲ್ಲಿ ಕಿವಿ ಮಂದ ಇದ್ದವರಿಗೆ ಅಪಾಯ ಜಾಸ್ತಿ ಆದದ್ದು ಬರೀ 7%. ಮಷಿನ್ ಹಾಕದವರಲ್ಲಿ 20%, ಹಾಕಿದವರಲ್ಲಿ 6%. ಐದು ಪಟ್ಟು ಎಲ್ಲಿ, 7% ಎಲ್ಲಿ?

ಅಂಕಿಸಂಖ್ಯೆ_ರಾಯ
ಅದೇ ಲೆಕ್ಕದಲ್ಲಿ ಮಷಿನ್ ಹಾಕದವರಿಗೆ ಅಪಾಯ ಜಾಸ್ತಿ ಅಂತ ನೀವೇ ಬರೆದಿದ್ದೀರಿ ಮೇಷ್ಟ್ರೇ. ಥ್ಯಾಂಕ್ಸ್.

ಮುಂಡರಗಿ_ರಸ್ತೆ_ಮೇಷ್ಟ್ರು
ಮಷಿನ್ ಹಾಕಿಸಿಕೊಳ್ಳುವವರು ಯಾರು? ದುಡ್ಡಿದ್ದವರು, ಓದಿದವರು, ಮಕ್ಕಳು ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವಂಥವರು. ಅವರಿಗೆ ಬಿಪಿ, ಶುಗರ್ ಕೂಡ ಹತೋಟಿಯಲ್ಲಿರುತ್ತದೆ. ಮತ್ತೆ ಮರೆವು ಶುರುವಾದವರು ಮಷಿನ್ ಹಾಕಿಕೊಳ್ಳಲು ಒಪ್ಪುವುದೂ ಕಡಿಮೆ. ಹಾಗಾಗಿ ಒಳ್ಳೆಯದು ಮಾಡಿದ್ದು ಮಷಿನ್ನೋ, ಮನೆಯೋ? ಇದನ್ನು ಬೇರ್ಪಡಿಸದೆ ತೀರ್ಪು ಕೊಡಬೇಡಿ.

ಟೋಲ್‌ಗೇಟ್_ಟೀ
ಲ್ಯಾನ್ಸೆಟ್‌ದೂ 7%, ಡೆನ್ಮಾರ್ಕ್‌ದೂ 7%. ಎರಡೂ ಒಂದೇ ಹೇಳ್ತಿವೆ, ಮತ್ಯಾಕೆ ಜಗಳ?

ಶ್ರವಣ_ಕೊಪ್ಪಳ
ಆ ಎರಡು ಏಳೂ ಬೇರೆ ಬೇರೆ. ಲ್ಯಾನ್ಸೆಟ್‌ನ 7% ಅಂದರೆ, ಜಗತ್ತಿನ ಒಟ್ಟು ಡಿಮೆನ್ಶಿಯಾದಲ್ಲಿ ಕಿವಿಯ ಪಾಲಿಗೆ ಹೋಗುವುದು ಇಷ್ಟು ಅಂತ ಅಂದಾಜು. ಅದೂ ಕಿವಿ ನಿಜವಾಗಿ ಕಾರಣ ಅಂತ ಒಪ್ಪಿಕೊಂಡರೆ. ಡೆನ್ಮಾರ್ಕಿನದು ಒಬ್ಬ ಕಿವಿ ಮಂದ ಇರುವವರಿಗೆ ಉಳಿದವರಿಗಿಂತ ಎಷ್ಟು ಅಪಾಯ ಜಾಸ್ತಿ ಅನ್ನುವುದು. "ಕಿವುಡರಲ್ಲಿ ನೂರಕ್ಕೆ ಏಳು ಜನಕ್ಕೆ ಮರೆವು ಬರುತ್ತದೆ" ಅಂತ ಎರಡೂ ಹೇಳುತ್ತಿಲ್ಲ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಎಷ್ಟು ಜನಕ್ಕೆ ಡಿಮೆನ್ಶಿಯಾ ಇದೆ ಅನ್ನುವ ಅಂದಾಜು ಕೂಡ 7.4%, ಸುಮಾರು 88 ಲಕ್ಷ ಜನ. ಅದು ಮೂರನೇ ಏಳು. ಇದನ್ನೂ ಸೇರಿಸಿ ಗೊಜ್ಜು ಮಾಡಬೇಡಿ.

ಟೋಲ್‌ಗೇಟ್_ಟೀ
ಏಳೂರ ಮಾತಾಯ್ತು. ಟೀ ಹಾಕ್ತೀನಿ, ಮುಂದುವರಿಸಿ.

ಹಟ್ಟಿ_ನೈಟ್‌ಶಿಫ್ಟ್
ನಮ್ಮಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ಡ್ರಿಲ್ಲಿಂಗ್ ಮಾಡುತ್ತಿದ್ದವರು. ಅವರ ಜೊತೆಗಾರರಲ್ಲಿ ಸರಿಯಾಗಿ ಕಿವಿ ಕೇಳುವವರನ್ನು ನಾನು ನೋಡಿದ್ದು ಕಡಿಮೆ. ಎಲ್ಲರೂ ಕಟ್ಟೆ ಮೇಲೆ ಕೂತು ಜೋರಾಗಿ ಮಾತಾಡುತ್ತಾರೆ, ಯಾರಿಗೂ ಯಾರದ್ದೂ ಕೇಳುವುದಿಲ್ಲ. ಆದರೂ ನಗುತ್ತಾರೆ. ಅಪ್ಪನಿಗೆ 81, ಕಿವಿ ಪೂರ್ತಿ ಹೋಗಿದೆ, ಆದರೆ ಯಾರಿಗೆ ಎಷ್ಟು ಸಾಲ ಕೊಟ್ಟಿದ್ದೇನೆ ಅನ್ನುವುದು ಬಡ್ಡಿ ಸಮೇತ ನೆನಪಿದೆ. ಹಾಗಾಗಿ ಕಿವಿ ಹೋದವರಿಗೆಲ್ಲ ಮರೆವು ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಶ್ರವಣ_ಕೊಪ್ಪಳ
ಯಾರೂ ಹಾಗೆ ಹೇಳಿಲ್ಲ ಅಣ್ಣ. ಬಹಳ ಜನಕ್ಕೆ ಬರುವುದಿಲ್ಲ. ನಿಮ್ಮಪ್ಪನಿಗೆ ದಿನಾ ಕಟ್ಟೆ ಇದೆ, ಜೊತೆಗಾರರು ಇದ್ದಾರೆ. ಅದೂ ಸಣ್ಣ ವಿಷಯ ಅಲ್ಲ.

ಸದ್ದಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 85 ಡೆಸಿಬಲ್ ದಾಟಿದ ಸದ್ದಿನಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಗಟ್ಟಲೆ ಕೆಲಸ ಮಾಡಿದರೆ ಒಳಗಿವಿಯ ಸಣ್ಣ ಕೂದಲಿನಂಥ ಕೋಶಗಳು ಸಾಯುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ಗಣಿ, ಕ್ರಷರ್, ಸ್ಪಾಂಜ್ ಐರನ್, ರೈಸ್ ಮಿಲ್ಲು, ನಮ್ಮ ಕಡೆಯ ಜಿಲ್ಲೆಗಳಲ್ಲಿ ಇಂಥ ಕೆಲಸಕ್ಕೇನು ಬರ? ಲ್ಯಾನ್ಸೆಟ್ ಆಯೋಗ ಒತ್ತಿ ಹೇಳುವುದೂ ನಡುವಯಸ್ಸಿನ ಕಿವಿಯ ಬಗ್ಗೆ. 74ಕ್ಕೆ ಓಡಾಡುವುದು ಇದ್ದೇ ಇದೆ. 45ಕ್ಕೆ ಮಿಲ್ಲಿನಲ್ಲಿ ನಿಂತಿರುವ ಮಗನೂ ಒಮ್ಮೆ ಟೆಸ್ಟ್ ಮಾಡಿಸಲಿ, ಕಿವಿಗೆ ಪ್ಲಗ್ ಹಾಕಲಿ.

ಸಂಡೂರು_ಕೆಂಪುಮಣ್ಣು
ಪ್ಲಗ್ ಹಾಕಿದರೆ ಹಿಂದೆ ಬರುವ ಟಿಪ್ಪರ್ ಕೇಳುವುದಿಲ್ಲ ಅಂತ ನಮ್ಮ ಕಡೆ ಹುಡುಗರು ಜೇಬಲ್ಲಿ ಇಟ್ಟುಕೊಳ್ಳುತ್ತಾರೆ.

ಲಿಂಗಸುಗೂರು_ಲೈವ್
ಗಣಿ ಬಿಡಿ, ಡಿಜೆ ಬಗ್ಗೆ ಯಾರೂ ಮಾತಾಡುವುದಿಲ್ಲ. ಗಣಪತಿ ಮೆರವಣಿಗೆಯಲ್ಲಿ ನಮ್ಮ ಮನೆ ಕಿಟಕಿ ಗಾಜು ನಡುಗುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಅಂತ 2000ದ ಶಬ್ದ ಮಾಲಿನ್ಯ ನಿಯಮ ಇದೆ. ಯಾರು ಕೇಳ್ತಾರೆ!

ಗಂಗಾವತಿ_ಸೋನಾ
ಕೇಳೋಕೆ ಕಿವಿ ಇದ್ದರೆ ತಾನೇ. ವರ್ಷಕ್ಕೊಂದು ಹಬ್ಬ, ಅದಕ್ಕೂ ಕಣ್ಣು ಹಾಕಬೇಡಿ.

ಲಿಂಗಸುಗೂರು_ಲೈವ್
ವರ್ಷಕ್ಕೊಂದಾ? ಮದುವೆ, ಬರ್ತ್‌ಡೇ, ಎಲೆಕ್ಷನ್, ಟ್ರ್ಯಾಕ್ಟರ್ ಪೂಜೆ. ಲೆಕ್ಕ ಹಾಕಿ.

ಬಿಸಿಲೂರ_ಸೊಸೆ
ಡಿಜೆಗೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ. ಶ್ರವಣ ಸರ್, ಒಂದು ಪ್ರಶ್ನೆ. ನಮ್ಮತ್ತೆ "ಕೇಳಸ್ತದ ಯವ್ವಾ, ತಿಳಿಯಂಗಿಲ್ಲ" ಅಂತಾರೆ. ಕೇಳಿಸಿದ ಮೇಲೆ ತಿಳಿಯದೇ ಇರುವುದು ಅಂದರೆ ತಲೆಯದ್ದೇ ತೊಂದರೆ ಅಲ್ವಾ?

ಶ್ರವಣ_ಕೊಪ್ಪಳ
ಸರ್ ಅಲ್ಲ, ಮೇಡಂ.

ನಿಮ್ಮತ್ತೆ ಹೇಳಿದ್ದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. ವಯಸ್ಸಿಗೆ ಕಿವಿ ಮಂದವಾಗುವಾಗ ಮೊದಲು ಹೋಗುವುದು ಕೀಚಲು ಸದ್ದುಗಳು. ಸ, ಶ, ತ, ಕ, ಪ ಇಂಥ ಅಕ್ಷರಗಳ ಶಕ್ತಿ ಇರುವುದೇ ಅಲ್ಲಿ. ಆ, ಓ ತರದ ಸ್ವರಗಳು ದಪ್ಪ ಸದ್ದು, ಅವು ಚೆನ್ನಾಗಿ ಕೇಳುತ್ತವೆ. ಹಾಗಾಗಿ ನೀವು "ಸಾಲು", "ಕಾಲು", "ಪಾಲು" ಏನೇ ಅಂದರೂ ಅವರಿಗೆ ಸಿಗುವುದು "ಆಲು" ಮಾತ್ರ. ಉಳಿದದ್ದನ್ನು ಅಂದಾಜಿನಲ್ಲಿ ತುಂಬಿಕೊಳ್ಳುತ್ತಾರೆ. ಅಂದಾಜು ತಪ್ಪಿದರೆ ನಾವು ಅರಳುಮರಳು ಅನ್ನುತ್ತೇವೆ.

ನೀವು ಕಿರುಚಿದಾಗ ಜೋರಾಗುವುದು ಸ್ವರ ಮಾತ್ರ. ಕಿರುಚಬೇಡಿ. ಎದುರಿಗೆ ಬಂದು, ಮುಖಕ್ಕೆ ಬೆಳಕು ಬೀಳುವ ಹಾಗೆ ನಿಂತು, ಟಿವಿ ಆರಿಸಿ, ನಿಧಾನಕ್ಕೆ ಮಾತಾಡಿ. ಅರ್ಥ ಆಗದಿದ್ದರೆ ಅದೇ ಮಾತನ್ನೇ ಮತ್ತೆ ಹೇಳಬೇಡಿ, ಬೇರೆ ಪದದಲ್ಲಿ ಹೇಳಿ. ಅಡುಗೆಮನೆಯಿಂದ ಪಡಸಾಲೆಗೆ ಕೂಗುವುದನ್ನು ಇವತ್ತೇ ನಿಲ್ಲಿಸಿ.

ಬಿಸಿಲೂರ_ಸೊಸೆ
ಮೇಡಂ, ರೊಟ್ಟಿ ಬಡಿಯುವುದು ಬಿಟ್ಟು ಪಡಸಾಲೆಗೆ ಹೋಗಿ ಮುಖಕ್ಕೆ ಬೆಳಕು ಹಿಡಿದು ನಿಲ್ಲಲು ಮನೆಯಲ್ಲಿ ಇನ್ನೊಬ್ಬಳು ಸೊಸೆ ಬೇಕು. ಇಂಥ ಸಲಹೆ ಎಲ್ಲ ಕೊನೆಗೆ ಬಂದು ಬೀಳುವುದು ಹೆಣ್ಣುಮಕ್ಕಳ ಮೇಲೆ. ಮಗ ಏನು ಮಾಡುತ್ತಾನೆ ಅಂತ ಯಾರೂ ಕೇಳುವುದಿಲ್ಲ.

ಶ್ರವಣ_ಕೊಪ್ಪಳ
ನಿಮ್ಮ ಮಾತು ನೂರಕ್ಕೆ ನೂರು ಸರಿ. ನನ್ನ ಹತ್ತಿರ ಅಪ್ಪ-ಅಮ್ಮನನ್ನು ಕರೆದುಕೊಂಡು ಬರುವುದು ಮಗ, ಮಷಿನ್ ಹಾಕಿ ತೆಗೆದು ಸೆಲ್ ಬದಲಾಯಿಸುವುದು ಸೊಸೆ. ಅದಕ್ಕೇ ನಾನು ಸೊಸೆಯೋ ಮಗಳೋ ಜೊತೆಗೆ ಬರದಿದ್ದರೆ ಹೇಳಿಕೊಡುವುದನ್ನು ಮಗನಿಗೇ ಕಲಿಸಿ, ಮಾಡಿ ತೋರಿಸು ಅನ್ನುತ್ತೇನೆ.

ಹೊಸಪೇಟೆ_ಡ್ಯಾಂರೋಡ್
ಮರೆವಿನ ಟೆಸ್ಟ್ ಬಗ್ಗೆ ಒಂದು ಮಾತು. ನಮ್ಮಜ್ಜಿಗೆ ಒಂದು ಕಡೆ ಟೆಸ್ಟ್ ಮಾಡಿಸಿದೆವು. "ಇದು ಯಾವ ಜಿಲ್ಲೆ?" ಅಂತ ಕೇಳಿದರು. ಅಜ್ಜಿ "ಬಳ್ಳಾರಿ ಜಿಲ್ಲಾ" ಅಂದರು. ತಪ್ಪು ಅಂತ ಹಾಕಿದರು. ಎಂಬತ್ತು ವರ್ಷ ಬಳ್ಳಾರಿ ಜಿಲ್ಲೆಯಲ್ಲೇ ಬಾಳಿದವರು. 2021ರಲ್ಲಿ ವಿಜಯನಗರ ಅಂತ ಬೇರೆ ಮಾಡಿದ್ದು ಸರ್ಕಾರ, ಅಜ್ಜಿ ಏನು ಮಾಡಬೇಕು? ನಮ್ಮ ಊರಿನ ಅರ್ಧ ಬೋರ್ಡುಗಳಿಗೇ ಇನ್ನೂ ಗೊತ್ತಿಲ್ಲ.

ಕೌಲ್‌ಬಜಾರ್_ಬಾಬು
ಹಹಹ. ನಮ್ಮ ಮನೆಯಲ್ಲಿ ಇನ್ನೊಂದು ತರ. ಅಮ್ಮಮ್ಮನ ಮನೆಮಾತು ತೆಲುಗು. ಕನ್ನಡದಲ್ಲಿ ವ್ಯಾಪಾರ ಮಾಡ್ತಾರೆ, ಬೈಯೋದು ಲೆಕ್ಕ ಹಾಕೋದು ತೆಲುಗಿನಲ್ಲಿ. ಡಾಕ್ಟರ್ ಮಾಸ್ಕ್ ಹಾಕಿಕೊಂಡು ಫ್ಯಾನ್ ಕೆಳಗೆ ಕೂತು, ನೂರರಿಂದ ಏಳೇಳು ಕಳೆಯಿರಿ ಅಂತ ಪುಸ್ತಕದ ಕನ್ನಡದಲ್ಲಿ ಕೇಳಿದರು. ಅಮ್ಮಮ್ಮ ನನ್ನ ಮುಖ ನೋಡಿದರು. ಆಮೇಲೆ ನಾನೇ ಕಿವಿ ಹತ್ತಿರ ತೆಲುಗಿನಲ್ಲಿ ಕೇಳಿದೆ. ಐದು ಸಲ ಸರಿಯಾಗಿ ಕಳೆದು, "ಯಾರಿಗೆ ಕೊಡಬೇಕಿತ್ತು ಈ ದುಡ್ಡು?" ಅಂದರು.

ಮುಂಡರಗಿ_ರಸ್ತೆ_ಮೇಷ್ಟ್ರು
ನೋಡಿ, ಇದೇ ನಾನು ಹೇಳುವುದು. ಮರೆವಿನ ಟೆಸ್ಟುಗಳು ಹೆಚ್ಚಿನವು ಬಾಯಿಮಾತಿನವು. ಪ್ರಶ್ನೆಯೇ ಕೇಳದವರು ಉತ್ತರ ಎಲ್ಲಿಂದ ಹೇಳಬೇಕು? ಶಾಲೆಗೆ ಹೋಗದವರಿಗೂ ಅದೇ ಗತಿ. ಕಿವಿ ಮಂದ ಇರುವವರಿಗೆ ಅಂಕ ಕಡಿಮೆ ಬರುವುದರಲ್ಲಿ ಇದರ ಪಾಲೂ ಇದ್ದೇ ಇದೆ.

ಅಂಕಿಸಂಖ್ಯೆ_ರಾಯ
ಹಾಗಾದರೆ ಸಂಬಂಧವೇ ಇಲ್ಲ ಅಂತೀರಾ? ಇಲ್ಲಿ ನೋಡಿ. ಬ್ರಿಟನ್ನಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನ, 2023ರ ಏಪ್ರಿಲ್, ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್. ಮಷಿನ್ ಹಾಕದವರಿಗೆ ಡಿಮೆನ್ಶಿಯಾ ಅಪಾಯ ಜಾಸ್ತಿ, ಹಾಕಿದವರಿಗೆ ಜಾಸ್ತಿ ಇಲ್ಲ. ಅಲ್ಲಿಗೆ ಮುಗೀತು.

ಶ್ರವಣ_ಕೊಪ್ಪಳ
ಮುಗಿದಿಲ್ಲ. ಆ ಲೇಖನವನ್ನು ಅದೇ ವರ್ಷದ ಡಿಸೆಂಬರಿನಲ್ಲಿ ವಾಪಸ್ ತೆಗೆದುಕೊಂಡರು. ಲೆಕ್ಕದ ಕೋಡ್‌ನಲ್ಲಿ ಮಷಿನ್ ಹಾಕಿದವರ ಮಾಹಿತಿ, ಹಾಕದವರ ಮಾಹಿತಿ ಅದಲುಬದಲಾಗಿತ್ತು. ಬರೆದವರೇ ಒಪ್ಪಿಕೊಂಡಿದ್ದಾರೆ. ಆದರೆ ಅದರ ಫಾರ್ವರ್ಡ್ ಮಾತ್ರ ಇನ್ನೂ ಓಡಾಡುತ್ತಿದೆ. ಅಂಗಡಿಗಳಲ್ಲಿ ಲ್ಯಾಮಿನೇಟ್ ಮಾಡಿ ನೇತುಹಾಕಿದ್ದನ್ನೂ ನೋಡಿದ್ದೇನೆ.

ಅಂಕಿಸಂಖ್ಯೆ_ರಾಯ
ಒಂದು ಹೋದರೆ ಇನ್ನೊಂದಿದೆ. ಅಚೀವ್ ಟ್ರಯಲ್ ಇದೆಯಲ್ಲ. ಮಷಿನ್ ಹಾಕಿದರೆ ಮರೆವು 48% ನಿಧಾನ ಆಗುತ್ತದೆ.

ಶ್ರವಣ_ಕೊಪ್ಪಳ
ಅದನ್ನು ಪೂರ್ತಿ ಹೇಳಬೇಕು, ಯಾಕೆಂದರೆ ಇಡೀ ಚರ್ಚೆಯಲ್ಲಿ ತೂಕ ಇರುವುದು ಅದಕ್ಕೇ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ಮಷಿನ್ ಮತ್ತು ಅದನ್ನು ಬಳಸುವ ತರಬೇತಿ, ಇನ್ನೊಂದಕ್ಕೆ ಆರೋಗ್ಯದ ಬಗ್ಗೆ ತಿಳುವಳಿಕೆ. ಹೀಗೆ ಮಾಡಿದ್ದರಿಂದ ಮೇಷ್ಟ್ರು ಎತ್ತಿದ ದುಡ್ಡಿದ್ದವರು-ಇಲ್ಲದವರು ಅನ್ನುವ ತಕರಾರು ಇಲ್ಲಿ ಬರುವುದಿಲ್ಲ. ಮೂರು ವರ್ಷ ಆದ ಮೇಲೆ 2023ರಲ್ಲಿ ಫಲಿತಾಂಶ ಬಂತು. ಎಲ್ಲರನ್ನೂ ಸೇರಿಸಿ ನೋಡಿದರೆ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

48% ಬಂದದ್ದು ಅದರೊಳಗಿನ 238 ಜನರಲ್ಲಿ. ಅವರು ಹೃದಯದ ಬಗೆಗಿನ ಒಂದು ಹಳೆಯ ಅಧ್ಯಯನದಿಂದ ಬಂದವರು. ವಯಸ್ಸು ಜಾಸ್ತಿ, ಬಿಪಿ-ಶುಗರ್ ತರದ ತೊಂದರೆಗಳೂ ಜಾಸ್ತಿ. ಆರೋಗ್ಯವಾಗಿದ್ದ ಉಳಿದ 739 ಜನರಲ್ಲಿ ಮೂರು ವರ್ಷಕ್ಕೆ ನೆನಪು ಅಷ್ಟೇನೂ ಇಳಿದೇ ಇರಲಿಲ್ಲ. ಇಳಿಯದೇ ಇದ್ದದ್ದನ್ನು ಮಷಿನ್ ಎಲ್ಲಿಂದ ತಡೆಯಬೇಕು?

ನನ್ನ ಅಭಿಪ್ರಾಯ ಕೇಳಿದರೆ, ಬಿಪಿ, ಶುಗರ್ ಇದ್ದು ಕಿವಿಯೂ ಮಂದ ಇರುವವರಿಗೆ ಮಷಿನ್ನಿನಿಂದ ಮೆದುಳಿಗೂ ಲಾಭ ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಸಾಧ್ಯತೆ ಅಷ್ಟೇ. ಮಷಿನ್ ಕೊಳ್ಳುವುದು ಇವತ್ತು ಮೊಮ್ಮಕ್ಕಳ ಮಾತು ಕೇಳಲಿ ಅಂತ. ಮರೆವು ತಡೆಯುವ ತಾಯಿತ ಅಂತ ಕೊಳ್ಳಬೇಡಿ.

ಕೋಟೆ_ಕೆಳಗಿನವ
ಅಂದರೆ ನಾನು ಮೊದಲೇ ಹೇಳಿದ್ದು ಸರಿ ಆಯ್ತಲ್ಲ.

ಶ್ರವಣ_ಕೊಪ್ಪಳ
ಇಲ್ಲ. ನೀವು ಎರಡಕ್ಕೂ ಸಂಬಂಧವೇ ಇಲ್ಲ ಅಂದಿರಿ.

ಟೋಲ್‌ಗೇಟ್_ಟೀ
ಸಂಬಂಧ ಹೆಂಗೆ ಬರುತ್ತೆ ಅಂತ ಯಾರಾದರೂ ಸರಳವಾಗಿ ಹೇಳಿ. ಕಿವಿ ಎಲ್ಲಿ, ಮೆದುಳು ಎಲ್ಲಿ?

ಶಕ್ತಿನಗರ_ಅಕ್ಕ
ನಾನು ನರ್ಸ್ ಆಗಿ ರಿಟೈರ್ ಆದವಳು, ಹೇಳುತ್ತೇನೆ. ಒಂದೇ ದಾರಿ ಅಲ್ಲ. ನೆಟ್‌ವರ್ಕ್ ಸರಿಯಾಗಿ ಸಿಗದ ಕಡೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತಲ್ಲ, ಹಾಗೆ ಅರ್ಧಂಬರ್ಧ ಕೇಳಿದ ಮಾತನ್ನು ಹೊಂದಿಸಿಕೊಳ್ಳುವುದರಲ್ಲೇ ಮೆದುಳು ದಣಿಯುತ್ತದೆ. ಕೇಳಿದ್ದನ್ನು ನೆನಪಿಟ್ಟುಕೊಳ್ಳಲು ಶಕ್ತಿ ಉಳಿಯುವುದಿಲ್ಲ. ಇನ್ನೊಂದು, ಮಾತು ಕೇಳದವರು ಮದುವೆ-ಮುಂಜಿ, ಗುಡಿ, ಕಟ್ಟೆ ಎಲ್ಲ ಬಿಡುತ್ತಾರೆ. ಒಂಟಿತನ ತಾನೇ ಮರೆವಿಗೆ ಒಂದು ಕಾರಣ. ಸದ್ದು ಬಾರದೆ ಮೆದುಳಿನ ಆ ಭಾಗ ಸೊರಗುತ್ತದೆ ಅಂತಲೂ ಸ್ಕ್ಯಾನ್‌ಗಳಲ್ಲಿ ಕಂಡಿದ್ದಾರೆ. ಕೊನೆಯದು ನಮ್ಮ ಮೇಷ್ಟ್ರಿಗೆ ಇಷ್ಟ ಆಗುತ್ತದೆ: ಬಿಪಿ, ಶುಗರ್ ಸಣ್ಣ ರಕ್ತನಾಳ ಹಾಳು ಮಾಡುತ್ತವೆ, ಅದರಿಂದ ಕಿವಿಗೂ ಪೆಟ್ಟು, ಮೆದುಳಿಗೂ ಪೆಟ್ಟು. ಅಲ್ಲಿ ಕಿವಿಯ ತಪ್ಪೇನಿಲ್ಲ.

ಸಿರುಗುಪ್ಪದವರೇ, ನಿಮ್ಮಪ್ಪ ಪೇಪರ್ ಓದುತ್ತಾರಾ? ಓದುತ್ತಾರಾದರೆ ಮನೆಯಲ್ಲೇ ಒಂದು ಕೆಲಸ ಮಾಡಿ. ಪ್ರಶ್ನೆಗಳನ್ನು ಬರೆದು ಕೊಡಿ. ಬರೆದದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟರೆ ಅನುಮಾನ ಕಿವಿಯ ಮೇಲೆ. ಬರೆದರೂ ತಡವರಿಸಿದರೆ, ಗೊತ್ತಿರುವ ದಾರಿ ತಪ್ಪಿದರೆ, ಚಿಲ್ಲರೆ ಎಣಿಸಲು ಬರದಿದ್ದರೆ, ಕೇಳಿದ್ದನ್ನೇ ಐದು ನಿಮಿಷಕ್ಕೊಮ್ಮೆ ಕೇಳಿದರೆ ಆಗ ಮೆದುಳಿನ ಡಾಕ್ಟರ್ ಹತ್ತಿರ ಹೋಗಲೇಬೇಕು. ಇದು ಪಕ್ಕಾ ಟೆಸ್ಟ್ ಅಲ್ಲ, ಒಂದು ಅಂದಾಜಿಗೆ. ಬಿ12 ಮತ್ತು ಥೈರಾಯ್ಡ್ ರಕ್ತ ಪರೀಕ್ಷೆ ಹೇಗೂ ಮಾಡಿಸಿ, ಅವು ಕಡಿಮೆ ಇದ್ದರೂ ಮರೆವು ಬರುತ್ತದೆ, ಔಷಧಿಗೆ ಸರಿಹೋಗಬಹುದು. ಒಂದೆರಡು ದಿನದಲ್ಲೇ ದಿಢೀರ್ ಅಂತ ಗೊಂದಲ ಶುರುವಾದರೆ ಮಾತ್ರ ಕಾಯಬೇಡಿ, ಅದು ಮೂತ್ರದ ಸೋಂಕು, ಉಪ್ಪಿನಂಶ ಇಳಿದದ್ದು, ಸ್ಟ್ರೋಕ್ ಏನಾದರೂ ಇರಬಹುದು.

ಮಸ್ಕಿ_ಎಕ್ಸ್‌ಪ್ರೆಸ್
ಲಕ್ಷ ಯಾಕೆ ಕೊಡ್ತೀರಾ? ಆನ್‌ಲೈನ್‌ನಲ್ಲಿ ಸಾವಿರದ ಐನೂರಕ್ಕೆ ಮಷಿನ್ ಸಿಗುತ್ತೆ. ಮಾವನಿಗೆ ತರಿಸಿದ್ದೆ. ಸೀಟಿ ಹೊಡೆಯುತ್ತೆ ಅನ್ನೋದು ಬಿಟ್ಟರೆ ಓಕೆ.

ಶ್ರವಣ_ಕೊಪ್ಪಳ
ಅದು ಎಲ್ಲ ಸದ್ದನ್ನೂ ಒಂದೇ ಸಮ ದೊಡ್ಡದು ಮಾಡುವ ಡಬ್ಬಿ. ಸ್ಪೀಕರ್ ಬೇರೆ, ಶ್ರವಣ ಸಾಧನ ಬೇರೆ. ಒಳ್ಳೆಯ ಮಷಿನ್ನನ್ನು ನಿಮ್ಮ ಆಡಿಯೋಗ್ರಾಮ್ ನೋಡಿ ಯಾವ ಸದ್ದು ಎಷ್ಟು ಬೇಕೋ ಅಷ್ಟು ಕೂರಿಸುತ್ತಾರೆ. ಸೀಟಿ ಬರುವುದು ಕಿವಿಗೆ ಅಚ್ಚು ಸರಿಯಾಗಿ ಕೂರದೆ ಸದ್ದು ಹೊರಗೆ ಸೋರಿದಾಗ. ಹಾಗಂತ ಲಕ್ಷ ಬೇಕಾಗಿಲ್ಲ. ಮನೆಯಲ್ಲಿ ನಾಲ್ಕು ಜನರ ಜೊತೆ ಮಾತಾಡುವವರಿಗೆ ಸಾಧಾರಣ ಡಿಜಿಟಲ್ ಮಷಿನ್ ಸಾಕಾಗುತ್ತದೆ.

ಕುಷ್ಟಗಿ_ಕಡಲೆ
ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಿಪಿಎಲ್‌ನವರಿಗೆ ಪುಕ್ಕಟೆ ಕೊಡುತ್ತಾರೆ. ತಿಂಗಳ ವರಮಾನ 15,000ದೊಳಗೆ ಇದ್ದರೂ ಬರುತ್ತದೆ. 2017ರಿಂದ ಇದೆ. ಕ್ಯಾಂಪ್ ಯಾವಾಗ ಅಂತ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕೇಳಿ ನೋಡಿ.

ಯಲಬುರ್ಗಾ_ಯಂಕ
ಕ್ಯಾಂಪಿನಲ್ಲಿ ನಮ್ಮ ದೊಡ್ಡಪ್ಪನಿಗೂ ಕೊಟ್ಟರು. ಫೋಟೋ ತೆಗೆದರು, ಹಾರ ಹಾಕಿದರು. ಕಿವಿಗೆ ಹೊಂದಿಸಿ ಕೊಡುವವರು ಯಾರೂ ಇರಲಿಲ್ಲ. ಈಗ ಅದು ದೇವರ ಜಗಲಿ ಮೇಲೆ ವಿಭೂತಿ ಗಟ್ಟಿ ಪಕ್ಕದಲ್ಲಿದೆ.

ಕುಷ್ಟಗಿ_ಕಡಲೆ
ತಂದು ಯಾವುದಾದರೂ ಆಡಿಯಾಲಜಿಸ್ಟ್ ಕೈಲಿ ಸೆಟ್ ಮಾಡಿಸಿ ಮಾರಾಯ. ಜಗಲಿ ಮೇಲೆ ಇಟ್ಟು ಪೂಜೆ ಮಾಡಿದರೆ ಕೇಳುತ್ತದಾ?

ಕೌಲ್‌ಬಜಾರ್_ಬಾಬು
ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬನ್ನಿ, ಅದು ಇದಕ್ಕೇ ಇರುವ ಸರ್ಕಾರಿ ಸಂಸ್ಥೆ. ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿಯಿಂದ ಸೀದಾ ಮೈಸೂರಿಗೆ ಹೋಗುತ್ತದೆ. ರಾತ್ರಿ ಹತ್ತಿದರೆ ಬೆಳಗ್ಗೆ ಇಳಿಯಬಹುದು.

ಗಂಗಾವತಿ_ಸೋನಾ
ಬರುವಾಗ ಮೈಸೂರ್ ಪಾಕ್ ತನ್ನಿ.

ಕೌಲ್‌ಬಜಾರ್_ಬಾಬು
ನಿಮಗೆ ಒಗ್ಗರಣೆ-ಮಿರ್ಚಿ ಸಾಕು.

ಸಿರುಗುಪ್ಪ_ಕಾಲುವೆ
ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರದ ಸುದ್ದಿ ಹೇಳುತ್ತೇನೆ.

ಶಕ್ತಿನಗರ ಅಕ್ಕ ಹೇಳಿದ ಹಾಗೆ ಕ್ಯಾಲೆಂಡರ್ ಹಾಳೆ ಹಿಂದೆ ಮಾರ್ಕರ್‌ನಲ್ಲಿ ದಪ್ಪಗೆ ಬರೆದು ಕೊಟ್ಟೆ. "ಮಧ್ಯಾಹ್ನ ಏನು ಉಂಡೆ?" ಅಪ್ಪ ಕನ್ನಡಕ ಮೇಲೆ ಮಾಡಿ ಓದಿ, "ಮುದ್ದಿಪಲ್ಯ, ರೊಟ್ಟಿ. ಉಪ್ಪು ಜಾಸ್ತಿ ಇತ್ತು, ನಿನ್ನ ಹೆಂಡ್ತಿಗೆ ಹೇಳಬ್ಯಾಡ" ಅಂದರು. ಕಾಲುವೆಗೆ ನೀರು ಯಾವಾಗ ಬಿಟ್ಟರು ಅಂತ ಬರೆದೆ, ಸರಿಯಾಗಿ ಹೇಳಿದರು. ಆದರೆ ಹೋದ ವಾರ ಮನೆಗೆ ಬಂದಿದ್ದ ನೆಂಟರ ಹೆಸರು ಬರೆದು ಕೇಳಿದರೆ, ಅವರು ಬಂದೇ ಇಲ್ಲ ಅಂದರು. ಎರಡು ಸಲ ಕೇಳಿದರೂ ಅದೇ.

ಇಎನ್‌ಟಿ ಡಾಕ್ಟರ್ ಒಂದು ಕಿವಿಯಿಂದ ಗುಗ್ಗೆ ತೆಗೆದರು, ಕರ್ರಗೆ ಹುಣಸೆ ಬೀಜದಷ್ಟು ಇತ್ತು. ಆಮೇಲೆ ಮುಚ್ಚಿದ ಕೋಣೆಯಲ್ಲಿ ಟೆಸ್ಟ್. ಎರಡೂ ಕಿವಿಗೆ 55 ಡೆಸಿಬಲ್ ಆಸುಪಾಸು ಜೋರಾದರೆ ಮಾತ್ರ ಕೇಳುತ್ತದೆ, ಕೀಚಲು ಸದ್ದು ಇನ್ನೂ ಕಡಿಮೆ ಕೇಳುತ್ತದೆ. ಮಿಲ್ಲಿನ ಸದ್ದು ಮತ್ತು ವಯಸ್ಸು ಎರಡೂ ಸೇರಿ ಆಗಿರಬೇಕು ಅಂದರು. ಬಿ12 ಕಡಿಮೆ ಇದೆ, ಇಂಜೆಕ್ಷನ್ ಶುರು. ನರರೋಗದ ಡಾಕ್ಟರ್ ಈಗಲೇ ಡಿಮೆನ್ಶಿಯಾ ಅಂತ ಬರೆಯುವುದಿಲ್ಲ, ಇಲ್ಲ ಅಂತಲೂ ಬರೆಯುವುದಿಲ್ಲ ಅಂದರು. ಮಷಿನ್ ಹಾಕಿ ಆರು ತಿಂಗಳು ಆದ ಮೇಲೆ ಮತ್ತೆ ಟೆಸ್ಟ್. ಅಣ್ಣನಿಗೆ ಸಮಾಧಾನ ಇಲ್ಲ, ಎಂಆರ್‌ಐ ಯಾಕೆ ಮಾಡಿಸಲಿಲ್ಲ ಅಂತ ಫೋನಲ್ಲಿ ಕೂಗಾಡಿದ. ಮಾಡಿಸೋಣ, ಬಂದು ಕರೆದುಕೊಂಡು ಹೋಗು ಅಂದೆ.

ಎರಡೂ ಕಿವಿಗೆ ಸಾಧಾರಣ ಮಷಿನ್ ತೆಗೆದುಕೊಂಡೆವು. ಮೊದಲು ಹೇಳಿದ ಅಂಗಡಿಯ ರೇಟಿನ ಅರ್ಧವೂ ಆಗಲಿಲ್ಲ. ಈಗ ತೊಂದರೆ ಏನೆಂದರೆ, ಅರ್ಧ ಗಂಟೆಗೆ ಕಿತ್ತು ಇಡುತ್ತಾರೆ. ಫ್ಯಾನ್ ಸದ್ದು, ಪಾತ್ರೆ ಸದ್ದು, ಇವಳು ರೊಟ್ಟಿ ಬಡಿಯುವ ಸದ್ದು ಎಲ್ಲ ತಲೆಗೆ ಹೊಡೆದ ಹಾಗಾಗುತ್ತದಂತೆ.

ಹಟ್ಟಿ_ನೈಟ್‌ಶಿಫ್ಟ್
ಉಪ್ಪಿನ ವಿಷಯ ಇಲ್ಲಿ ಬರೆದುಬಿಟ್ಟಿರಲ್ಲ, ಮನೆಯವರು ಓದಿದರೆ?

ಶ್ರವಣ_ಕೊಪ್ಪಳ
ಇದು ಎಲ್ಲರಿಗೂ ಆಗುತ್ತದೆ. ವರ್ಷಗಟ್ಟಲೆ ಕೇಳದ ಸದ್ದು ಒಮ್ಮೆಲೇ ಬಂದರೆ ಮೆದುಳಿಗೆ ಯಾವುದನ್ನು ಬಿಡಬೇಕು ಅಂತ ಗೊತ್ತಾಗುವುದಿಲ್ಲ. ಒಗ್ಗಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ಮೊದಲು ಸದ್ದಿಲ್ಲದ ಹೊತ್ತಲ್ಲಿ, ಒಬ್ಬರ ಜೊತೆ ಮಾತಾಡುವಾಗ ಮಾತ್ರ ಹಾಕಿಸಿ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಜಾಸ್ತಿ ಮಾಡಿ. ಅಡುಗೆಮನೆ, ಸಂತೆ, ಮದುವೆ ಕೊನೆಗೆ. ಹದಿನೈದು ದಿನಕ್ಕೆ ಹಾಕಿಸಿದ ಕಡೆಗೇ ಹೋಗಿ ಪಾತ್ರೆ ಸದ್ದು ಚುಚ್ಚುತ್ತದೆ ಅಂತ ಹೇಳಿ, ಆ ಸದ್ದನ್ನಷ್ಟೇ ತಗ್ಗಿಸಿ ಕೊಡುತ್ತಾರೆ. ಅದಕ್ಕೆ ಬೇರೆ ದುಡ್ಡು ಕೇಳಬಾರದು.

ಬಿಸಿಲೂರ_ಸೊಸೆ
ಸೆಲ್ ಎಷ್ಟು ದಿನ ಬರುತ್ತದೆ? ನಮ್ಮತ್ತೆಗೂ ಹಾಕಿಸೋಣ ಅಂತಿದ್ದೇವೆ. ಮತ್ತೆ ನಮ್ಮ ರಾಯಚೂರು ಬಿಸಿಲಿಗೆ ಬೆವರು ಇಳಿದರೆ ಮಷಿನ್ ಕೆಡುವುದಿಲ್ವಾ?

ಶ್ರವಣ_ಕೊಪ್ಪಳ
ಕಿವಿ ಹಿಂದೆ ಹಾಕುವ ಮಷಿನ್ನಿಗೆ ಹೆಚ್ಚಾಗಿ ಕಿತ್ತಳೆ ಬಣ್ಣದ ಸ್ಟಿಕ್ಕರಿನ 13 ನಂಬರ್ ಸೆಲ್. ಒಂದರಿಂದ ಎರಡು ವಾರ ಬರುತ್ತದೆ. ಸ್ಟಿಕ್ಕರ್ ಕಿತ್ತ ತಕ್ಷಣ ಹಾಕಬೇಡಿ, ಅದು ಗಾಳಿಯಿಂದ ಕೆಲಸ ಮಾಡುವ ಸೆಲ್, ಎರಡು ಮೂರು ನಿಮಿಷ ಹೊರಗೆ ಇಟ್ಟು ಹಾಕಿ. ಸ್ಟಿಕ್ಕರ್ ಕಿತ್ತ ಮೇಲೆ ಬಳಸದಿದ್ದರೂ ಸೆಲ್ ಇಳಿಯುತ್ತದೆ. ಸಣ್ಣ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ನುಂಗಿದರೆ ಅಪಾಯ.

ಬೆವರಿಗೆ, ರಾತ್ರಿ ಮಷಿನ್ ತೆಗೆದು ಒಣಬಟ್ಟೆಯಲ್ಲಿ ಒರೆಸಿ, ಸೆಲ್ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಡಿ. ಫ್ರಿಜ್ಜಿನ ಮೇಲೆ, ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಸ್ನಾನಕ್ಕೆ ಹೋಗುವಾಗ ತೆಗೆಸಿ. ತಲೆಗೆ ಎಣ್ಣೆ ಹಚ್ಚಿದ ದಿನ ಎಣ್ಣೆ ಒಣಗಿದ ಮೇಲೆ ಹಾಕಿಸಿ.

ಯಲಬುರ್ಗಾ_ಯಂಕ
ಜಗಲಿ ಮೇಲಿನದು ತೆಗೆದು ನೋಡಿದೆ. ಒಳಗೆ ಸೆಲ್ ಸೋರಿ ಹಸಿರಾಗಿದೆ. ರಿಪೇರಿ ಆಗುತ್ತದಾ ಮೇಡಂ?

ಶ್ರವಣ_ಕೊಪ್ಪಳ
ಫೋಟೋ ಕಳಿಸಿ. ಸ್ಪ್ರಿಂಗ್ ಮಾತ್ರ ಕಿಲುಬು ಹಿಡಿದಿದ್ದರೆ ಆಗುತ್ತದೆ. ದೊಡ್ಡಪ್ಪನ ಹಳೆಯ ಆಡಿಯೋಗ್ರಾಮ್ ಇದ್ದರೆ ಅದನ್ನೂ ಕಳಿಸಿ.

ಯಲಬುರ್ಗಾ_ಯಂಕ
ಆಡಿಯೋಗ್ರಾಮ್ ಇಲ್ಲ. ಹಾರ ಹಾಕಿದ ಫೋಟೋ ಇದೆ.